ವಧುವಿನ ಕಾಲಂನಲ್ಲಿ ಅತ್ತೆಯ ಹೆಸರು

ಆಸ್ಪತ್ರೆಯವರು ಇಂದ್ರಾಣಿಯ ರಕ್ತ ನೋಡಿದ್ದರು, ಮೂತ್ರ ನೋಡಿದ್ದರು, ಎರಡೂ ಮೂತ್ರಪಿಂಡಗಳ ಅಳತೆ ತೆಗೆದಿದ್ದರು. ಅವಳ ರಕ್ತಕಣಗಳನ್ನು ಗಂಡನ ರಕ್ತದ ತಿಳಿಯೊಂದಿಗೆ ಬೆರೆಸಿ, ಒಂದು ಇನ್ನೊಂದನ್ನು ಕೊಲ್ಲುವುದಿಲ್ಲ ಎಂದು ಖಚಿತ ಮಾಡಿಕೊಂಡಿದ್ದರು. ಎಲ್ಲವೂ ಹೊಂದುತ್ತಿತ್ತು. ಅದಾದ ಮೇಲೆ, ಕಸಿ ವಿಭಾಗದ ಸಂಯೋಜಕಿ ಚೈತ್ರ ಅವಳನ್ನು ಎದುರಿಗೆ ಕೂರಿಸಿಕೊಂಡು ಕೇಳಿದ ಒಂದು ಪ್ರಶ್ನೆಗೆ ಮಾತ್ರ ಅವಳ ಬಳಿ ಉತ್ತರವಿರಲಿಲ್ಲ. ನೀವು ನಟರಾಜ್ ಅವರ ಹೆಂಡತಿ ಎನ್ನುವುದಕ್ಕೆ ಹಳೆಯ ದಾಖಲೆ ಏನಿದೆ?

ಮೈಸೂರಿನ ಆ ಆಸ್ಪತ್ರೆಯಲ್ಲಿ ಚೈತ್ರಳ ಕೆಲಸವೇ ಅದು. ಮೂತ್ರಪಿಂಡ ಕೊಡುವವರು, ಪಡೆಯುವವರು ಇಬ್ಬರ ಕಾಗದಗಳನ್ನೂ ಜೋಡಿಸಿ ಅನುಮತಿ ಸಮಿತಿಯ ಮುಂದೆ ಇಡಬೇಕು. ಅವಳು ನಿಧಾನವಾಗಿ ವಿವರಿಸಿದಳು. ಬಡವರ ಮೂತ್ರಪಿಂಡ ಕೊಳ್ಳುವವರು ಕಾಗದದ ಮೇಲೆ ಮದುವೆಯಾಗುವುದುಂಟು. ಹಾಗಾಗಿ ಹೆಂಡತಿ ಎಂದು ಹೇಳಿಕೊಂಡು ಬಂದವಳು ನಿಜವಾಗಿ ಹೆಂಡತಿಯೇ ಎಂದು ಸಮಿತಿ ಪರೀಕ್ಷಿಸುತ್ತದೆ. ಮಕ್ಕಳಿದ್ದರೆ ಅವರ ಜನನ ಪತ್ರವೇ ಸಾಕಾಗುತ್ತದೆ. ಇಂದ್ರಾಣಿಗೆ ಮಕ್ಕಳಿರಲಿಲ್ಲ. ಮದುವೆಯ ಫೋಟೊ ಇದ್ದರೆ ಅರ್ಧ ಕೆಲಸ ಆದಂತೆ. ಫೋಟೊ ತೆಗೆದವನ ರೀಲಿಗೆ ಬೆಳಕು ಬಿದ್ದು, ಒಂದು ಚಿತ್ರವೂ ಬಂದಿರಲಿಲ್ಲ. ಪಡಿತರ ಚೀಟಿ, ಮತದಾರರ ಚೀಟಿ ಇದ್ದವು. ಅವು ಪೂರಕ ಮಾತ್ರ, ಮದುವೆಗೆ ಆಧಾರವಲ್ಲ ಎಂದಳು ಚೈತ್ರ.

ಈಗಲೇ ಹೋಗಿ ರಿಜಿಸ್ಟರ್ ಮಾಡಿಸಿಕೊಂಡು ಬಂದರೆ ಆಗದೇ ಎಂದು ಇಂದ್ರಾಣಿ ಕೇಳಿದಳು.

"ಮಾಡಿಸಬಹುದು. ಆದ್ರೆ ಹೋದ ವಾರದ ತಾರೀಖಿರೋ ಸರ್ಟಿಫಿಕೇಟ್ ನೋಡಿದ್ರೆ ಸಮಿತಿಯವರ ಅನುಮಾನ ಜಾಸ್ತಿ ಆಗುತ್ತಮ್ಮ, ಕಮ್ಮಿ ಆಗಲ್ಲ. ಮದುವೆ ಆದಾಗಿನದ್ದೇ ಏನಾದ್ರೂ ಇದ್ರೆ ಹುಡುಕಿ."

ಸಮಿತಿ ಕೂರುವುದು ಮುಂದಿನ ತಿಂಗಳ ಹತ್ತೊಂಬತ್ತಕ್ಕೆ. ಅದು ತಪ್ಪಿದರೆ ಮತ್ತೆ ಯಾವಾಗಲೋ ಹೇಳಲಾಗುವುದಿಲ್ಲ. ಕಾಯುವಷ್ಟು ಬಿಡುವು ನಟರಾಜನ ದೇಹಕ್ಕೆ ಇರಲಿಲ್ಲ. ಡಯಾಲಿಸಿಸ್‌ಗೆಂದು ಎಡಗೈಯಲ್ಲಿ ಮಾಡಿದ್ದ ರಕ್ತನಾಳದ ಜೋಡಣೆ ಎರಡು ಸಲ ಹೆಪ್ಪುಗಟ್ಟಿತ್ತು. ಆಮೇಲೆ ಕುತ್ತಿಗೆಯಲ್ಲಿ ನಳಿಕೆ ಹಾಕಿದರು. ಅದಕ್ಕೆ ಸೋಂಕು ತಗುಲಿ ಒಮ್ಮೆ ನಡುಕಜ್ವರ ಬಂದು ಹೋಗಿತ್ತು. ಈಗ ಇನ್ನೊಂದು ಬದಿಯ ನಳಿಕೆ. ಇದೂ ಕೆಟ್ಟರೆ ಮುಂದೆ ಎಲ್ಲಿ ಹಾಕುವುದೋ ಗೊತ್ತಿಲ್ಲ ಎಂದು ವೈದ್ಯರು ಇಂದ್ರಾಣಿಯನ್ನು ಹೊರಗೆ ಕರೆದು ಹೇಳಿದ್ದರು. ಗಂಡನಿಗೆ ಅವಳು ಅದನ್ನು ಹೇಳಿರಲಿಲ್ಲ. ಮೂವತ್ತು ವರ್ಷ ಗಾರೆ ಕೆಲಸ ಮಾಡಿದ ಆಳು, ಈಗ ಒಂದು ಲೋಟ ನೀರನ್ನು ಬೆಳಗಿನಿಂದ ಸಂಜೆಯವರೆಗೆ ಚಮಚದಲ್ಲಿ ಕುಡಿಯುತ್ತಿದ್ದ.

*

ಇಂದ್ರಾಣಿಯ ತೌರು ಟಿ. ನರಸೀಪುರ ತಾಲ್ಲೂಕಿನ ಮೂಗೂರಿನ ಕಡೆ. ಗಂಡನ ಊರು ನಂಜನಗೂಡು ತಾಲ್ಲೂಕಿನ ಬದನವಾಳಿನ ಪಕ್ಕ. ಏಳನೇ ತರಗತಿ ಓದಿ, ಇಪ್ಪತ್ತು ವರ್ಷಕ್ಕೆ ಮದುವೆಯಾಗಿ ಬಂದವಳು ಬದನವಾಳಿನ ಖಾದಿ ಕೇಂದ್ರದಲ್ಲಿ ಬಹಳ ಕಾಲ ನೂಲು ತೆಗೆದಳು. ಆಮೇಲೆ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುವ ಕೆಲಸ ಸಿಕ್ಕಿತು. ಅನ್ನ ಬೆಂದಿತೇ ಎಂದು ನೋಡಲು ಅವಳು ಅಗುಳು ಹಿಸುಕುವುದಿಲ್ಲ, ಹಬೆಯ ವಾಸನೆಯಲ್ಲೇ ಹೇಳುತ್ತಾಳೆ. ಮಾತು ಕಡಿಮೆ. ಜಗಳವಾದರೆ ಪಾತ್ರೆ ತೊಳೆಯಲು ಕೂರುತ್ತಾಳೆ.

ಅವರ ಕಡೆ ಮದುವೆ ನಡೆಯುವುದು ಗಂಡಿನ ಮನೆಯಲ್ಲಿ. ಹಿಂದಿನ ಸಂಜೆಯೇ ಹೆಣ್ಣನ್ನು ಕರೆತರುತ್ತಾರೆ. 1997ರ ಬುದ್ಧಪೂರ್ಣಿಮೆಯ ದಿನ ನಟರಾಜನ ಮನೆಯ ಮುಂದೆ ಚಪ್ಪರ ಹಾಕಿ, ಬುದ್ಧನ ಪಟದ ಮುಂದೆ ಪಂಚಶೀಲ ಹೇಳಿಸಿ, ಹಾರ ಬದಲಿಸಿ ಮದುವೆ ಮುಗಿಸಿದವನು ಮಾವ ನಾಗಯ್ಯ. ಆಡಂಬರ ಅವನಿಗೆ ಆಗುತ್ತಿರಲಿಲ್ಲ. ವಾರದ ಮೇಲೆ ಹೊಸ ಜೋಡಿ ತೌರಿಗೆ ಹೋದಾಗ, ಇಂದ್ರಾಣಿಯ ಸೋದರಮಾವ ಕರಿಯಪ್ಪ ಇಬ್ಬರನ್ನೂ ನರಸೀಪುರದ ಉಪನೋಂದಣಿ ಕಚೇರಿಗೆ ಕರೆದುಕೊಂಡು ಹೋಗಿ ಸಹಿ ಹಾಕಿಸಿದ. ಕೋರ್ಟಿನ ನೋಟಿಸು ಹಂಚುವ ಕೆಲಸದಲ್ಲಿದ್ದ ಅವನಿಗೆ ಕಾಗದದ ಮೇಲೆ ನಂಬಿಕೆ ಹೆಚ್ಚು. ಸಿಕ್ಕಿದ ಪತ್ರವನ್ನು ತಾನೇ ಜೋಪಾನವಾಗಿಡುತ್ತೇನೆಂದು ಇಟ್ಟುಕೊಂಡಿದ್ದ. ಅವನು ತೀರಿಹೋಗಿ, ಅವನ ಮನೆ ಕೆಡವಿ ಹೊಸದು ಕಟ್ಟಿ, ಆ ಪತ್ರ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು.

ದಾಖಲೆ ಹುಡುಕುವ ಕೆಲಸ ಮೈದುನ ಸಿದ್ಧಾರ್ಥನ ಮೇಲೆ ಬಿತ್ತು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುವ ಅವನು ಅಣ್ಣನಿಗಿಂತ ಹದಿನೈದು ವರ್ಷ ಚಿಕ್ಕವನು. ಮದುವೆಯ ಹೊತ್ತಿಗೆ ಅವನಿಗೆ ಏಳು ವರ್ಷ. ಅತ್ತಿಗೆಯನ್ನು ಅತ್ತಿಗಮ್ಮ ಎನ್ನುವುದನ್ನು ಬಿಟ್ಟು ಬೇರೆ ಹೆಸರಿನಿಂದ ಅವನು ಎಂದೂ ಕರೆದವನಲ್ಲ. ಯಾರನ್ನೂ ಕೇಳದೆ, ಮದುವೆ ಇಲ್ಲಿ ನಡೆದದ್ದರಿಂದ ದಾಖಲೆಯೂ ಇಲ್ಲೇ ಇರಬೇಕೆಂದು ತರ್ಕ ಮಾಡಿ, ಅವನು ನಂಜನಗೂಡಿನಲ್ಲಿ ಶೋಧನೆಗೆ ಅರ್ಜಿ ಹಾಕಿದ. ತರ್ಕ ತಪ್ಪಲ್ಲ. ಆದರೆ ಮದುವೆ ನಡೆದ ಊರಿನಲ್ಲೇ ನೋಂದಣಿಯಾಗಬೇಕೆಂದೇನಿಲ್ಲ, ಗಂಡು ಹೆಣ್ಣು ಇಬ್ಬರಲ್ಲಿ ಒಬ್ಬರು ವಾಸವಿದ್ದ ಕಡೆಯೂ ಆಗಬಹುದು. ನಂಜನಗೂಡಿನವರು 1996, 97, 98 ಮೂರೂ ವರ್ಷದ ಸಂಪುಟ ನೋಡಿ ಇಲ್ಲವೆಂದು ಬರೆದುಕೊಟ್ಟರು. ಅಷ್ಟರಲ್ಲಿ ಒಂದು ವಾರ ಹೋಯಿತು.

ಪತ್ರ ಹೋದರೆ ನೋಂದಣಿಯೂ ಹೋದಂತೆ ಎಂದುಕೊಂಡಿದ್ದ ಇಂದ್ರಾಣಿ ಆಗಷ್ಟೇ ನರಸೀಪುರದ ಮಾತೆತ್ತಿದಳು. "ಮೊದ್ಲೇ ಯೋಳ್ಬಾರ್ದಿತ್ತ ಅತ್ತಿಗಮ್ಮ" ಎಂದು ಅವನು ಸಿಡುಕಿದ. ನೀನು ಕೇಳಿದೆಯಾ ಎಂದು ಅವಳು ಅನ್ನಲಿಲ್ಲ. ಅಂದು ಡಯಾಲಿಸಿಸ್‌ನಿಂದ ಬಂದ ನಟರಾಜನಿಗೆ ವಾಂತಿಯಾಗುತ್ತಿತ್ತು.

ಬಿಳಿಗೆರೆ ಮೇಲೆ ಹೋಗುವ ಬಸ್ಸಿನಲ್ಲಿ ಸಿದ್ಧಾರ್ಥ ನರಸೀಪುರಕ್ಕೆ ಹೋಗಿಬಂದ. ಕಂಪ್ಯೂಟರ್ ಬರುವುದಕ್ಕೆ ಮುಂಚಿನ ದಾಖಲೆಗಳಾದ್ದರಿಂದ ಕೈಯಲ್ಲಿ ಬರೆದ ಪುಸ್ತಕಗಳನ್ನೇ ತಿರುವಬೇಕಿತ್ತು. ಕೆಲವು ದಿನ ಬಿಟ್ಟು ಬರಲು ಹೇಳಿದರು. ಎರಡನೇ ಸಲ ಹೋಗಿ ಬಂದವನು ಜಗಲಿಯ ಮೇಲೆ ಕುಳಿತು, ನಗುತ್ತಲೇ ಸುದ್ದಿ ಹೇಳಿದ. ಅದು ಸಿಟ್ಟಿನ ನಗೆ.

"ಅಣ್ಣನ ಎಸ್ರು ಸಿಕ್ತು. ನಟರಾಜ್, ನಾಗಯ್ಯನ ಮಗ, ನಮ್ಮೂರು, ಎಲ್ಲ ಸರಿ. ಎಂಡ್ತಿ ಎಸ್ರು ಏನು ಬರ್ದವ್ರೆ ಗೊತ್ತಾ? ಚಲುವಮ್ಮ ಅಂತ. ಅವ್ವನ ಎಸ್ರ ತಗೊಂಡೋಗಿ ಎಂಡ್ತಿ ಕಾಲಂಗೆ ಬರ್ದವ್ರೆ. ಇದು ನಮ್ಮವ್ವನ ಎಸ್ರು ಸಾ, ಇದು ನಮ್ದಲ್ಲ ಅಂದೆ. ಅಂಗಾದ್ರೆ ಇಲ್ಲ ಅಂತ ಬರ್ಕೊಡ್ತೀನಿ ಅಂದ್ರು. ಬರ್ಸ್ಕೊಂಡು ಬಂದೆ."

ಅವನು ಜೇಬಿನಿಂದ ಮಡಿಸಿದ ಹಿಂಬರಹ ತೆಗೆದ. ನಟರಾಜ್ ಮತ್ತು ಇಂದ್ರಾಣಿ ಎಂಬುವರ ವಿವಾಹದ ದಾಖಲೆ ಈ ಕಚೇರಿಯಲ್ಲಿ ಕಂಡುಬಂದಿರುವುದಿಲ್ಲ ಎಂದು ಅದರಲ್ಲಿತ್ತು. ಸಹಿ, ಮೊಹರು, ದಿನಾಂಕ.

ಒಳಗೆ ಸೊಪ್ಪು ಸೋಸುತ್ತಿದ್ದ ಅತ್ತೆ ಚಲುವಮ್ಮನ ಕೈ ನಿಂತಿತು. ಇಂದ್ರಾಣಿ ಗೋಡೆಗೆ ಒರಗಿದಳು.

*

ಆ ಮನೆಯಲ್ಲಿ ಇದನ್ನು ತಿಳಿದವರು ನಾಲ್ಕೇ ಜನ. ಅವರಲ್ಲಿ ನಾಗಯ್ಯ ತೀರಿಕೊಂಡಿದ್ದ. ಇಂದ್ರಾಣಿ ಹುಟ್ಟಿದಾಗ ಇಟ್ಟ ಹೆಸರು ಚಲುವಮ್ಮ. ಶಾಲೆಯಲ್ಲೂ ಅದೇ ಹೆಸರು. ತೌರಿನಲ್ಲಿ ಎಲ್ಲರೂ ಪಾಪಣ್ಣಿ ಎಂದು ಕರೆಯುತ್ತಿದ್ದರಿಂದ ಆ ಹೆಸರು ಬಾಯಲ್ಲಿ ಓಡಾಡಿದ್ದು ಕಡಿಮೆ. ಹೆಣ್ಣು ನೋಡಲು ಬಂದಾಗಲೇ ಅತ್ತೆಗೂ ಸೊಸೆಗೂ ಒಂದೇ ಹೆಸರು ಎಂದು ಗೊತ್ತಾಗಿತ್ತು. ಸೊಸೆಯಾದವಳು ಅತ್ತೆಯ ಹೆಸರು ಹೇಳಬಾರದು. ಅತ್ತೆಯ ಹೆಸರನ್ನು ಹೊತ್ತುಕೊಂಡು ಆ ಮನೆಯಲ್ಲಿ ಓಡಾಡುವುದಂತೂ ಆಗದ ಮಾತು. ನಾಗಯ್ಯ ಇದೆಲ್ಲ ಹಳೇ ಕಾಲದ ಕಂತೆ ಎಂದಿದ್ದಕ್ಕೆ ಅವನ ಹೆಂಡತಿ ಕೊಟ್ಟ ಉತ್ತರವನ್ನು ಅವನೇ ಬಹಳ ದಿನ ನೆನೆದು ನಕ್ಕಿದ್ದ. ಸೊಸೆಯನ್ನು ಬಯ್ಯಬೇಕಾದರೆ ನನ್ನ ಹೆಸರು ಹಿಡಿದು ನಾನೇ ಬಯ್ದುಕೊಳ್ಳಬೇಕಾ ಎಂದಿದ್ದಳು.

ಹೆಣ್ಣು ಹೊಸ್ತಿಲು ದಾಟಿದ ಸಂಜೆಯೇ ಅವಳಿಗೆ ಹೊಸ ಹೆಸರು ಬಂತು. ಊರ ನಾಟಕದಲ್ಲಿ ದೇವೇಂದ್ರನ ಹೆಂಡತಿಯನ್ನು ನೋಡಿ ಬಂದಿದ್ದ ಅತ್ತೆ ಆರಿಸಿದ ಹೆಸರು ಇಂದ್ರಾಣಿ. ವಾರದ ಮೇಲೆ ನರಸೀಪುರದಲ್ಲಿ ಕರಿಯಪ್ಪ ಶಾಲೆಯ ಪತ್ರ ಮುಂದಿಟ್ಟು ಬರೆಸಿದ್ದರಿಂದ ಅಲ್ಲಿ ಹಳೆಯ ಹೆಸರು ಬಿತ್ತು. ಆಮೇಲೆ ಬಂದ ಪಡಿತರ ಚೀಟಿ, ಮತದಾರರ ಚೀಟಿ, ಬ್ಯಾಂಕಿನ ಪುಸ್ತಕ, ಆಧಾರ್ ಎಲ್ಲದರಲ್ಲೂ ಇಂದ್ರಾಣಿ. ಇಪ್ಪತ್ತೆಂಟು ವರ್ಷ ಅವಳು ಆ ಮೊದಲ ಹೆಸರನ್ನು ಒಮ್ಮೆಯೂ ಹೇಳಿರಲಿಲ್ಲ. ಹೇಳಿದರೆ ಕೆಡುಕಾಗುತ್ತದೆ ಎಂಬ ಭಯವಲ್ಲ. ಬಳಸದ ಸ್ನಾಯು ಸೊರಗುವ ಹಾಗೆ, ಆ ಹೆಸರಿನ ಮಟ್ಟಿಗೆ ನಾಲಗೆ ಶಕ್ತಿ ಕಳೆದುಕೊಂಡಿತ್ತು. ಮೈದುನ ಅರ್ಜಿಯಲ್ಲಿ ಇಂದ್ರಾಣಿ ಎಂದು ಬರೆದಾಗ ಅವಳಿಗೆ ಅಳುಕಾಗಿತ್ತು. ಗಂಡಿನ ಹೆಸರಿನಲ್ಲೇ ಸಿಕ್ಕೀತು ಎಂದುಕೊಂಡು ಸುಮ್ಮನಾಗಿದ್ದಳು. ಸಿಕ್ಕಿಯೂ ಇತ್ತು.

"ಅದು ನಾನೇ ಕಣಪ್ಪ" ಎಂದಳು ಇಂದ್ರಾಣಿ.

ಸಿದ್ಧಾರ್ಥ ಒಮ್ಮೆ ಅವಳನ್ನು, ಒಮ್ಮೆ ತಾಯಿಯನ್ನು ನೋಡಿದ. ಒಳಕೋಣೆಯ ಮಂಚದಿಂದ ನಟರಾಜನ ದನಿ ಬಂತು. ಅವನಿಗೆ ಎಲ್ಲ ಕೇಳಿಸಿತ್ತು. "ಬುಟ್ಬುಡಿ ಅತ್ಲಾಗೆ. ನಂಗೋಸ್ಕರ ಅವಳ ಒಟ್ಟೆ ಕುಯ್ಸದೂ ಬ್ಯಾಡ, ಈ ಅಲ್ದಾಟನೂ ಬ್ಯಾಡ."

ಹೆಸರಿನ ವಿಷಯ ತಾನೂ ಮರೆತದ್ದು ಅವನಿಗೆ ಹೊಳೆದಿರಬೇಕು. ಗೋಡೆಯ ಕಡೆ ಹೊರಳಿಕೊಂಡ.

*

ಮರುದಿನ ಇಂದ್ರಾಣಿ ತಾನೇ ಹೊರಟಳು. ನರಸೀಪುರದ ಕಚೇರಿಯಲ್ಲಿ ಶೋಧನೆಯ ಕೆಲಸ ನೋಡುತ್ತಿದ್ದವರು ಗುರುಮಲ್ಲಪ್ಪ. ವಿಭೂತಿ ಹಚ್ಚಿದ ಹಣೆ, ಕೊರಳಿಗೆ ತೂಗುಹಾಕಿದ ಕನ್ನಡಕ. ಸಿದ್ಧಾರ್ಥನ ಗುರುತು ಅವರಿಗೆ ಹತ್ತಿತು. ಮೊನ್ನೆ ನಿಮ್ಮದಲ್ಲ ಅಂದವರು ಇವತ್ತು ನಿಮ್ಮದು ಅಂತ ಬಂದಿದ್ದೀರಲ್ಲ, ನಾಳೆ ಏನು ಅಂತೀರಿ ಎಂದು ಕೇಳಿದರು. ಸಿದ್ಧಾರ್ಥ ತಲೆ ತಗ್ಗಿಸಿ ತಪ್ಪಾಯಿತು ಎಂದ.

ಇಂದ್ರಾಣಿ ಆಧಾರ್ ಕೊಟ್ಟಳು. ಅವರು ಅದನ್ನೂ ಅರ್ಜಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು.

"ಇದ್ರಲ್ಲಿ ಇಂದ್ರಾಣಿ. ನೀವು ಕೇಳ್ತಿರೋದು ಚಲುವಮ್ಮನ ಮದುವೆ ನಕಲು."

"ಊ ಸಾ. ಅದು ನಾನೇಯ."

"ಇರಬಹುದು. ಇಲ್ಲ ಅನ್ನಕ್ಕೆ ನಾನು ಯಾರು? ಮದುವೆ ರಿಜಿಸ್ಟರು ಯಾರು ಬೇಕಾದ್ರೂ ನೋಡೋ ಅಂಥದ್ದು, ಅರ್ಜಿ ಕೊಟ್ರೆ ನಕಲು ಕೊಡಲೇಬೇಕು, ಕೊಡ್ತೀನಿ. ಆದ್ರೆ ಆ ಚಲುವಮ್ಮನೇ ಈ ಇಂದ್ರಾಣಿ ಅಂತ ನಾನು ಬರೆದುಕೊಡಕ್ಕಾಗಲ್ಲ. ಪುಸ್ತಕದಲ್ಲಿ ಇರೋದು ಮಾತ್ರ ಬರೀತೀನಿ."

ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಪುಟ ತೆರೆದು ತೋರಿಸಿದರು. ಬುಡದಲ್ಲಿ ವಧುವಿನ ಸಹಿ. ಏಳನೇ ತರಗತಿಯ ಹುಡುಗಿಯ ಗುಂಡು ಅಕ್ಷರ, ಕೊನೆಯ ಮಕಾರಕ್ಕೆ ಒತ್ತು ಕೊಡಲು ಜಾಗ ಸಾಲದೆ ಗೆರೆಯ ಆಚೆಗೆ ಹೋಗಿತ್ತು. ಇಂದ್ರಾಣಿ ಬೆರಳು ತಾಗಿಸದೆ ಅದರ ಮೇಲೆ ಕೈ ಹಿಡಿದಳು. ಸಾಕ್ಷಿಗಳ ಹೆಸರು ಓದಿಸಿಕೊಂಡಳು. ಕರಿಯಪ್ಪ ಈಗ ಬದುಕಿಲ್ಲ, ಅವನ ಜೊತೆಗಾರ ದೊಡ್ಡಮಾದಯ್ಯನೂ ಇಲ್ಲ, ಮೂರನೆಯವನು ಯಾರೆಂದು ಅವಳಿಗೇ ನೆನಪಾಗಲಿಲ್ಲ.

ಸಾಲಾಗಿ ರಜೆಗಳು ಬಂದವು. ಆಮೇಲೆ ಸಹಿ ಮಾಡಬೇಕಾದ ಅಧಿಕಾರಿ ತರಬೇತಿಗೆ ಹೋಗಿದ್ದರು. ಆ ನಡುವೆ ನಟರಾಜನಿಗೆ ಡಯಾಲಿಸಿಸ್ ನಡೆಯುತ್ತಿದ್ದಾಗಲೇ ಚಳಿ ಹತ್ತಿ, ಹಲ್ಲು ಕಟಕಟ ಅನ್ನತೊಡಗಿತು. ನಳಿಕೆಯಿಂದ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ರೋಗಾಣು ಬೆಳೆಯಲಿಲ್ಲ ಎಂದು ಗೊತ್ತಾಗುವವರೆಗೆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಹತ್ತೊಂಬತ್ತಕ್ಕೆ ಎರಡು ದಿನ ಇರುವಾಗ ದೃಢೀಕೃತ ನಕಲು ಕೈಗೆ ಬಂತು.

ಚೈತ್ರ ಅದನ್ನು ಓದಿ ಮೊದಲು ಸಮಾಧಾನಪಟ್ಟಳು. ಆಮೇಲೆ ಅವಳ ಹುಬ್ಬು ಕೂಡಿತು.

"ಇದು ಇಲ್ಲದೇ ಇದ್ದಿದ್ರೇ ಚೆನ್ನಾಗಿತ್ತೇನೋ. ನಟರಾಜ್‌ಗೆ ಚಲುವಮ್ಮ ಅನ್ನೋ ಹೆಂಡತಿ ಇದ್ದಾಳೆ, ಕಿಡ್ನಿ ಕೊಡೋಕೆ ಇಂದ್ರಾಣಿ ಅನ್ನೋ ಬೇರೆಯವಳು ಬಂದಿದ್ದಾಳೆ ಅಂತ ಇದನ್ನೇ ಓದಬಹುದು. ನೋಡಿ, ಇವರ ಆಧಾರ್ ಜೊತೆ ಕೊಟ್ಟಿರೋ ವಂಶವೃಕ್ಷದಲ್ಲಿ ಚಲುವಮ್ಮ ಅಂದ್ರೆ ನಟರಾಜ್ ತಾಯಿ."

ದಾಖಲೆಯನ್ನು ಈಗ ಬಚ್ಚಿಡುವಂತಿಲ್ಲ, ನಾನು ನೋಡಿಬಿಟ್ಟೆ ಎಂದೂ ಅವಳು ಸೇರಿಸಿದಳು. ಆದರೆ ಅಲ್ಲಿಗೇ ಬಿಡಲಿಲ್ಲ. ಏನೇನು ಬೇಕೆಂದು ಹೇಳಿದಳು. ಶಾಲೆಯ ದಾಖಲಾತಿ ಪುಸ್ತಕದಿಂದ ತಂದೆಯ ಹೆಸರಿನ ಸಮೇತ ಒಂದು ಪ್ರತಿ, ಎರಡು ಹೆಸರೂ ಒಬ್ಬಳದೇ ಎಂಬ ಪ್ರಮಾಣಪತ್ರ, ಮತ್ತು ಮದುವೆಯ ಕಾಲದಿಂದ ಬಲ್ಲ ಹಿರಿಯರೊಬ್ಬರು. ಸಿದ್ಧಾರ್ಥ ಅದೇ ಕಾಲಲ್ಲಿ ಮೂಗೂರಿನ ಕಡೆ ಹೊರಟ. ಮುಖ್ಯೋಪಾಧ್ಯಾಯಿನಿ ಗೌತಮಿ ಶಾಲೆ ಬಿಟ್ಟ ಮೇಲೂ ಕಾದಿದ್ದು, ಹಳೆಯ ದಾಖಲಾತಿ ಪುಸ್ತಕ ಹುಡುಕಿ ಪ್ರತಿ ಮಾಡಿಕೊಟ್ಟರು. ತೌರಿನ ಹಿರಿಯರು ಯಾರೂ ಬದುಕಿರಲಿಲ್ಲ, ಮದುವೆಯ ಕಾಲದಿಂದ ಬಲ್ಲವರು ಎಂದರೆ ಚಲುವಮ್ಮ ಒಬ್ಬಳೇ.

ಆ ಎರಡು ದಿನ ಚಲುವಮ್ಮ ಎಲೆ ಅಡಿಕೆ ಮುಟ್ಟಲಿಲ್ಲ. ಹೊರಡುವ ಬೆಳಿಗ್ಗೆ ಸೀರೆಯ ನೆರಿಗೆ ಹಿಡಿದಷ್ಟೂ ಜಾರುತ್ತಿದ್ದುದನ್ನು ಕಂಡು ಇಂದ್ರಾಣಿ ಹೋಗಿ ನೆರಿಗೆ ಜೋಡಿಸಿದಳು. ಆಗ ಅವಳು ಸೊಸೆಯ ಮುಖ ನೋಡದೆ ಒಂದು ಮಾತು ಹೇಳಿದಳು.

"ನನ್ನ ಬಾಯಿ ಚಪಲಕ್ಕೆ ನನ್ನ ಮಗನ ಉಸ್ರು ಓದ್ರೆ, ನಾನು ಯಾರ್ಗೆ ಮೊಕ ತೋರ್ಸ್ಲಿ?"

"ಅಂಗನ್ಬೇಡಿ ಅತ್ತಮ್ಮ" ಎಂದಳು ಇಂದ್ರಾಣಿ.

*

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು. ಮಧ್ಯದಲ್ಲಿ ಹಿರಿಯ ವೈದ್ಯರೊಬ್ಬರು, ಒಂದು ಪಕ್ಕದಲ್ಲಿ ಸರ್ಕಾರದ ಅಧಿಕಾರಿ, ಇನ್ನೊಂದು ಪಕ್ಕದಲ್ಲಿ ವಕೀಲೆ ಮಂಗಳಗೌರಿ. ಮೂಲೆಯಲ್ಲಿ ಕ್ಯಾಮೆರಾ. ಕೊಡುವವರನ್ನು ಮೊದಲು ಒಬ್ಬರನ್ನೇ ವಿಚಾರಿಸುವುದು ನಿಯಮ. ಮನೆಯವರು ಎದುರಿದ್ದರೆ ಒತ್ತಾಯಕ್ಕೆ ಒಪ್ಪಿದವರು ಬಾಯಿ ಬಿಡುವುದಿಲ್ಲ. ಹಾಗಾಗಿ ನಟರಾಜ, ಸಿದ್ಧಾರ್ಥ, ಚಲುವಮ್ಮ ಹೊರಗೆ ಉಳಿದರು.

ಮೊದಲ ಪ್ರಶ್ನೆಗಳು ಸುಲಭವಾಗಿದ್ದವು. ಊರು, ಕೆಲಸ, ಗಂಡನಿಗೆ ಏನು ಕಾಯಿಲೆ, ಎಷ್ಟು ದಿನದಿಂದ. ಗಂಡ ಯಾವ ಬದಿಗೆ ಮಲಗುತ್ತಾನೆ ಎಂದು ಅಧಿಕಾರಿ ಕೇಳಿದಾಗ ಅವಳು ನಾಚಿಕೊಂಡರೂ ಹೇಳಿದಳು, ಕುತ್ತಿಗೆಯ ನಳಿಕೆಯ ಕಾರಣ ಈಗ ಎಡಕ್ಕೆ, ಮೊದಲು ಬೋರಲು. ವೈದ್ಯರು ತಲೆಯಾಡಿಸಿದರು. ಆಮೇಲೆ ಮಂಗಳಗೌರಿ ನಕಲನ್ನು ಕೈಗೆತ್ತಿಕೊಂಡರು.

"ಮದುವೆಗೆ ಮುಂಚೆ ನಿಮ್ಮ ಹೆಸರೇನಮ್ಮ?"

ಇಂದ್ರಾಣಿ ಬಾಯಿ ತೆರೆದಳು. ಮಾತು ಬರಲಿಲ್ಲ.

ಬರುತ್ತದೆ ಎಂದೇ ಅವಳು ಅಂದುಕೊಂಡಿದ್ದಳು. ಬಸ್ಸಿನಲ್ಲಿ ಮನಸ್ಸಿನೊಳಗೆ ಹೇಳಿಕೊಂಡೂ ಇದ್ದಳು. ಈಗ ಬಾಗಿಲಿನ ಆಚೆ ಅತ್ತೆ ಕುಳಿತಿದ್ದಾಳೆ ಎಂಬುದು ತಲೆಗೆ ಬಂದು ನಾಲಗೆ ಅಂಗುಳಕ್ಕೆ ಅಂಟಿತು. ಮೇಜಿನ ಮೇಲಿದ್ದ ಕಾಗದದತ್ತ ಬೆರಳು ತೋರಿಸಿದಳು.

"ಕಾಗದದಲ್ಲಿ ಇರೋದು ನಮಗೆ ಕಾಣುತ್ತೆ. ನೀವು ಹೇಳಿ."

ಅಧಿಕಾರಿ ಏನೋ ಬರೆದುಕೊಂಡರು. ಮಂಗಳಗೌರಿ ಕನ್ನಡಕ ತೆಗೆದು, ದನಿ ತಗ್ಗಿಸಿ ಕೇಳಿದರು, ಯಾರಾದರೂ ನಿಮ್ಮನ್ನು ಹೆದರಿಸಿ ಕರೆತಂದಿದ್ದಾರೆಯೇ. ಹಣ ಕೊಡುತ್ತೇವೆ ಎಂದಿದ್ದಾರೆಯೇ. ಇಲ್ಲಿ ಹೇಳಿದರೆ ಹೊರಗೆ ಯಾರಿಗೂ ತಿಳಿಯುವುದಿಲ್ಲ, ವೈದ್ಯಕೀಯ ಕಾರಣದಿಂದ ಬೇಡವಾಯಿತು ಎಂದಷ್ಟೇ ಹೇಳಿ ಕಳಿಸುತ್ತೇವೆ. ಆ ಮಾತಿನಲ್ಲಿದ್ದ ಕರುಣೆಯೇ ಇಂದ್ರಾಣಿಯನ್ನು ನಡುಗಿಸಿತು. ಇವರು ತನ್ನನ್ನು ಕಾಪಾಡಲು ಹೊರಟಿದ್ದಾರೆ. ಕಾಪಾಡಿಬಿಟ್ಟರೆ ಗಂಡ ಸಾಯುತ್ತಾನೆ.

"ಇಲ್ಲ ಅವ್ವ. ಎದರ್ಸಿಲ್ಲ. ಅದು ನಮ್ಮತ್ತೆ ಎಸ್ರು. ಯೋಳಾಕಿಲ್ಲ ನಾವು."

"ನಿಮ್ಮ ಹೆಸರು ಕೇಳಿದ್ದು ನಾನು, ಅತ್ತೆಯದಲ್ಲ."

"ಎಲ್ಡೂ ಒಂದೇಯ."

ಮಂಗಳಗೌರಿ ವೈದ್ಯರ, ಅಧಿಕಾರಿಯ ಕಡೆಗೆ ನೋಡಿದರು. ವೈದ್ಯರು ಅತ್ತೆಯನ್ನು ಕರೆಸಿ ಎಂದರು. ಕ್ಯಾಮೆರಾ ನಿಲ್ಲಿಸುವುದು ಬೇಡ ಎಂದೂ ಹೇಳಿದರು.

ಚಲುವಮ್ಮ ಒಳಗೆ ಬಂದು ಕುರ್ಚಿಯ ಅಂಚಿನಲ್ಲಿ ಕುಳಿತಳು. ಸೊಸೆ ಏನು ಹೇಳಿದಳು, ಏನು ಹೇಳಲಿಲ್ಲ ಎಂದು ಅವಳಿಗೆ ಯಾರೂ ತಿಳಿಸಲಿಲ್ಲ. ಹೆಸರು ಕೇಳಿದರು, ಹೇಳಿದಳು. ಪಕ್ಕದಲ್ಲಿರುವವರು ಯಾರು ಎಂದರು.

"ನನ್ನ ಸೊಸೆ, ಇಂದ್ರಾಣಿ."

"ಮನೆಗೆ ಬರೋಕ್ಕೆ ಮುಂಚೆ ಅವರ ಹೆಸರೇನಿತ್ತು?"

ಮುದುಕಿ ಸೆರಗನ್ನು ಹೆಗಲಿಗೆ ಎಳೆದುಕೊಂಡಳು.

"ನನ್ ಎಸ್ರೇ ಇತ್ತು ತಾಯಿ. ಅದ ನಾನೇ ಕಿತ್ಕಂಡೆ. ಬಂದ ಸಂಜೆನೇ ಕಿತ್ಕಂಡೆ, ನೀರು ಕೊಡಕ್ಕೂ ಮುಂಚೆ. ಅವಳದೇನೂ ತಪ್ಪಿಲ್ಲ. ಅವಳು ಒಂದಿನ ಎದುರಾಡ್ನಿಲ್ಲ." ಆಮೇಲೆ ಸೊಸೆಯ ಕಡೆ ತಿರುಗಿದಳು. "ಯಾಕವ್ವ, ಯೋಳ್ನಿಲ್ವಾ ನೀನು?"

ಇಂದ್ರಾಣಿ ಇಲ್ಲವೆಂದು ತಲೆಯಾಡಿಸಿದಳು.

"ಯೋಳು. ನಾನೇ ಯೋಳ್ತಾವ್ನಿ, ಯೋಳು. ನಿಮ್ಮವ್ವ ಇಕ್ಕಿದ ಎಸ್ರು ಅದು. ನಂದಲ್ಲ."

ಇಂದ್ರಾಣಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮೊದಲ ಅಕ್ಷರ ಗಂಟಲಲ್ಲೇ ಉಳಿಯಿತು. ಎರಡನೇ ಸಲ ಪೂರ್ತಿ ಬಂತು. "ಚಲುವಮ್ಮ" ಎಂದಳು. ತಂದೆಯ ಹೆಸರು, ಊರು, ಶಾಲೆ, ಮದುವೆಯ ದಿನ, ಸೋದರಮಾವನ ಜೊತೆ ಕಚೇರಿಗೆ ಹೋಗಿದ್ದು, ಅಲ್ಲಿ ಮಸಿ ಕಕ್ಕುವ ಪೆನ್ನು ಕೊಟ್ಟದ್ದು, ಎಲ್ಲವೂ ಅದರ ಹಿಂದೆಯೇ ಹರಿದು ಬಂದವು.

ಮಂಗಳಗೌರಿ ಒಂದು ಬಿಳಿ ಹಾಳೆ ಕೊಟ್ಟು ಆ ಹೆಸರನ್ನು ಬರೆಯಲು ಹೇಳಿದರು. ಗುಂಡು ಅಕ್ಷರ ಹಾಗೇ ಇತ್ತು, ಮಕಾರ ಮಾತ್ರ ಈಗ ಜಾಗದಲ್ಲೇ ನಿಂತಿತು. ನಕಲಿನಲ್ಲಿ ಸಹಿಯ ಪಡಿಯಚ್ಚು ಇರಲಿಲ್ಲವಾದ್ದರಿಂದ ಹೋಲಿಸಲು ಅವರ ಬಳಿ ಏನೂ ಇರಲಿಲ್ಲ. ಆದರೂ ಅವರು ಆ ಹಾಳೆಯನ್ನು ಶಾಲೆಯ ಪ್ರತಿಯ ಜೊತೆ ಲಗತ್ತಿಸಿದರು. ಕೊನೆಯದಾಗಿ ವೈದ್ಯರು ಕೇಳಿದ್ದು, ಒಂದು ಮೂತ್ರಪಿಂಡ ಕೊಟ್ಟರೆ ನಿಮಗೆ ಆಗಬಹುದಾದ ಅಪಾಯ ಗೊತ್ತೇ ಎಂದು. ಗೊತ್ತು ಎಂದಳು. ನಿಮ್ಮ ಗಂಡ ಬೇಡ ಅಂತಿದ್ದಾರಂತಲ್ಲ ಎಂದರು.

"ಅವರು ಅಂತಾರೆ ಸಾ. ಬದುಕ್ಬೇಕು ಅನ್ನೋ ಆಸೆ ಇರೋರು ಅಂಗೇ ಅನ್ನೋದು."

ವೈದ್ಯರು ಮೊದಲ ಬಾರಿಗೆ ನಕ್ಕರು.

ನಿರ್ಧಾರವನ್ನು ಅಲ್ಲೇ ಹೇಳುವ ಪದ್ಧತಿಯಿಲ್ಲ. ಮರುದಿನ ಮಧ್ಯಾಹ್ನ ಶಾಲೆಯ ಅಡುಗೆಮನೆಯಲ್ಲಿ ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಚೈತ್ರಳ ಫೋನು ಬಂತು. ಅನುಮತಿ ಸಿಕ್ಕಿದೆ, ಮುಂದಿನ ಗುರುವಾರಕ್ಕೆ ಶಸ್ತ್ರಚಿಕಿತ್ಸೆಯ ಕೋಣೆ ಖಾಲಿ ಇದೆ, ಬುಧವಾರ ಬಂದು ದಾಖಲಾಗಿ. ಇಂದ್ರಾಣಿ ಒಲೆ ಆರಿಸಿ, ಅಲ್ಲೇ ಮಣೆಯ ಮೇಲೆ ಕುಳಿತಳು. ಒಗ್ಗರಣೆ ಸೀದು ಹೋಯಿತು.

ಗುರುವಾರ ಬೆಳಿಗ್ಗೆ ಇಬ್ಬರನ್ನೂ ಅಕ್ಕಪಕ್ಕದ ಕೋಣೆಗಳಿಗೆ ಒಯ್ದರು. ಹೊರಗೆ ಸಾಲು ಕುರ್ಚಿಗಳಲ್ಲಿ ಚಲುವಮ್ಮ ಕಾಲು ಮೇಲೆತ್ತಿ ಕುಳಿತಿದ್ದಳು. ಸಿದ್ಧಾರ್ಥ ಬಾಗಿಲಿಗೂ ಕಿಟಕಿಗೂ ನಡುವೆ ಓಡಾಡುತ್ತಿದ್ದ. ಒಮ್ಮೆ ನರ್ಸ್ ಒಬ್ಬರು ಮುಚ್ಚಿದ ಡಬ್ಬಿ ಹಿಡಿದುಕೊಂಡು ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟಿದರು. ಅದು ಏನೆಂದು ಇಬ್ಬರಿಗೂ ತಿಳಿಯಿತು.

ಮಧ್ಯಾಹ್ನ ದಾಟಿದ ಮೇಲೆ ಚೈತ್ರ ಬಂದು ಸಿದ್ಧಾರ್ಥನಿಗೆ ಹೇಳಿದಳು. ರಕ್ತನಾಳ ಜೋಡಿಸಿ, ಅದುಮಿ ಹಿಡಿದಿದ್ದ ಇಕ್ಕಳ ಬಿಟ್ಟ ಕೂಡಲೇ ಹೊಸ ಮೂತ್ರಪಿಂಡ ಕೆಂಪೇರಿತು, ಮೇಜಿನ ಮೇಲೆಯೇ ಮೂತ್ರ ಇಳಿಯತೊಡಗಿತು. ಅದೇ ಒಳ್ಳೆಯ ಲಕ್ಷಣ.

ಸಿದ್ಧಾರ್ಥ ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಅವ್ವ, ಅಣ್ಣಂಗೆ ಉಚ್ಚೆ ಬಂತಂತೆ ಕಣವ್ವ."

ಚಲುವಮ್ಮ ಕಣ್ಣು ಮುಚ್ಚಿದಳು, ತೆರೆದಳು.

"ಅದಿರ್ಲಿ ಬುಡು. ಅವಳು ಎಂಗವ್ಳೆ, ಮೊದ್ಲು ಅದ ಕೇಳ್ಕಂಡು ಬಾ ಓಗು."